ಹೊಡೆದಾಟದ ನಡುವೆ ಸಿಗುವ ಒಂದು ನಿಶ್ಚಲ ಫ್ರೇಮ್

ಸಿನಿಮಾದ ಸಾಹಸ ದೃಶ್ಯಗಳನ್ನು ಹೇಗೆ ಹೆಣೆಯುತ್ತಾರೆ ಎಂಬುದನ್ನು ಕಾಲೇಜು ವಿದ್ಯಾರ್ಥಿಗಳಿಗೆ ವಿವರಿಸಬೇಕಾಗಿ ಬಂದಾಗ ನಾನು ಮೊದಲ ಬಾರಿಗೆ ಸಿನಿಮಾಗಳಿಂದ ಸ್ಥಿರಚಿತ್ರಗಳನ್ನು ತೆಗೆದೆ. ಹೊಡೆತ ಬೀಳುವ ಕ್ಷಣದಲ್ಲೇ ಸಿನಿಮಾವನ್ನು ನಿಲ್ಲಿಸಿ ಸ್ಕ್ರೀನ್‌ಶಾಟ್ ಹಿಡಿದಿದ್ದೆ. ಪ್ರೊಜೆಕ್ಟರಿನಲ್ಲಿ ತೋರಿಸಿದಾಗ ಕೈ ಇರಬೇಕಾದಲ್ಲಿ ಮಸುಕಾದ ಗೀರು, ಮುಖ ಇರಬೇಕಾದಲ್ಲಿ ಕತ್ತಲೆ ಮಾತ್ರ ಕಾಣಿಸಿತು.

ಇದರ ಕಾರಣ ನನಗೆ ತಡವಾಗಿ ಅರ್ಥವಾಯಿತು. ಸಿನಿಮಾ ಸೆಕೆಂಡಿಗೆ 24 ಫ್ರೇಮ್‌ಗಳಲ್ಲಿ ಓಡುತ್ತದೆ; ಕ್ಯಾಮೆರಾದೊಳಕ್ಕೆ ಬೆಳಕು ಬಿಡುವ ಶಟರ್ ರೂಢಿಯಂತೆ 180 ಡಿಗ್ರಿ ತೆರೆದಿದ್ದರೆ ಪ್ರತಿ ಫ್ರೇಮ್ ಸೆಕೆಂಡಿನ 48ನೇ ಒಂದು ಭಾಗದಷ್ಟು ಹೊತ್ತು ಬೆಳಕಿಗೆ ತೆರೆದಿರುತ್ತದೆ. ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಬೀಸಿದ ಮುಷ್ಟಿ ಅಷ್ಟರೊಳಗೆ ಸುಮಾರು 20 ಸೆಂಟಿಮೀಟರ್ ಸರಿದಿರುತ್ತದೆ. ಆ ಮಸುಕು ಚಿತ್ರೀಕರಣದಲ್ಲೇ ಅಚ್ಚಾಗಿರುವುದರಿಂದ ಯಾವ ತಂತ್ರಾಂಶವೂ ಅದನ್ನು ಪೂರ್ತಿ ಅಳಿಸಲಾರದು. 1998ರ ‘ಸೇವಿಂಗ್ ಪ್ರೈವೇಟ್ ರಯಾನ್’ ಚಿತ್ರದ ಕಡಲತೀರದ ಕಾಳಗವನ್ನು 45 ಮತ್ತು 90 ಡಿಗ್ರಿ ಶಟರ್‌ನಲ್ಲಿ, ಅಂದರೆ ಪ್ರತಿ ಫ್ರೇಮನ್ನು ಇನ್ನೂ ಕಡಿಮೆ ಹೊತ್ತು ಬೆಳಕಿಗೆ ತೆರೆದು, ಚಿತ್ರೀಕರಿಸಿದ್ದರಿಂದ ಅಲ್ಲಿ ಸಿಡಿಯುವ ಮಣ್ಣಿನ ಕಣಗಳೂ ಬಿಡಿಬಿಡಿಯಾಗಿ ಕಾಣುತ್ತವೆ. ಉಳಿದ ಚಿತ್ರಗಳಲ್ಲಿ ಅಂಥ ಸೌಲಭ್ಯ ನಮಗೆ ಸಿಗುವುದು ಅಪರೂಪ.

ಆದ್ದರಿಂದ ನಾನು ಈಗ ಹೊಡೆತವನ್ನು ಹುಡುಕುವುದಿಲ್ಲ, ಹೊಡೆತದ ಅಂಚನ್ನು ಹುಡುಕುತ್ತೇನೆ. ಮೇಲೆ ನೆಗೆದವನು ಇಳಿಯಲು ತೊಡಗುವ ಮುನ್ನ ಒಂದು ಗಳಿಗೆ ತಡೆದು ನಿಂತಂತೆ ಇರುತ್ತಾನೆ. ಹಿಂದಕ್ಕೆ ಎಳೆದ ತೋಳು ಮುಂದಕ್ಕೆ ತಿರುಗುವಲ್ಲಿ, ಕತ್ತಿಗೆ ಕತ್ತಿ ತಾಗಿ ತಡೆಯಾಗುವಲ್ಲಿ ವೇಗ ಸೊನ್ನೆಗೆ ಹತ್ತಿರವಾಗುತ್ತದೆ. ಎಂಪಿವಿ ಎಂಬ ಉಚಿತ ಪ್ಲೇಯರಿನಲ್ಲಿ ಪೂರ್ಣವಿರಾಮದ ಕೀಲಿ ಒತ್ತಿದರೆ ಒಂದು ಫ್ರೇಮ್ ಮುಂದಕ್ಕೆ, ಅಲ್ಪವಿರಾಮದ ಕೀಲಿ ಒತ್ತಿದರೆ ಒಂದು ಫ್ರೇಮ್ ಹಿಂದಕ್ಕೆ ಹೋಗಬಹುದು. ಹೀಗೆ ಹತ್ತು ಹನ್ನೆರಡು ಫ್ರೇಮ್‌ಗಳನ್ನು ನಿಧಾನವಾಗಿ ನೋಡಿದಾಗ ಅವುಗಳಲ್ಲಿ ಸಾಮಾನ್ಯವಾಗಿ ಒಂದಾದರೂ ಚೊಕ್ಕವಾಗಿರುತ್ತದೆ. ವಿಡಿಯೊ ಕಡತದಲ್ಲಿ ಕೆಲವು ಫ್ರೇಮ್‌ಗಳು ಇಡಿಯಾಗಿಯೂ ಉಳಿದವು ಅಕ್ಕಪಕ್ಕದ ಫ್ರೇಮ್‌ಗಳಿಗಿಂತ ಆದ ಬದಲಾವಣೆಗಳಾಗಿ ಮಾತ್ರವೂ ದಾಖಲಾಗಿರುವುದರಿಂದ, ಒಂದೇ ಭಂಗಿಯ ಎರಡು ಫ್ರೇಮ್‌ಗಳಲ್ಲಿ ಒಂದು ಚೌಕಚೌಕವಾಗಿ ಒಡೆದಿದ್ದು ಇನ್ನೊಂದು ನಯವಾಗಿರುವುದನ್ನೂ ಕಂಡಿದ್ದೇನೆ.

ಹಳೆಯ ಡಿವಿಡಿಗಳ ತೊಡಕು ಬೇರೆ. ಅವುಗಳಲ್ಲಿ ಎಷ್ಟೋ ಕಡೆ ಬೆಸ ಗೆರೆಗಳೂ ಸರಿ ಗೆರೆಗಳೂ ಬೇರೆ ಬೇರೆ ಕ್ಷಣಗಳವು. ಓಡುವವನ ಅಂಚು ಬಾಚಣಿಗೆಯ ಹಲ್ಲಿನಂತೆ ಕಾಣಿಸಿದರೆ ಆ ಗೆರೆಗಳನ್ನು ಹೊಂದಿಸುವ ಡಿಇಂಟರ್ಲೇಸ್ ಆಯ್ಕೆಯನ್ನು ಪ್ಲೇಯರಿನಲ್ಲಿ ಚಾಲೂ ಮಾಡಬೇಕು. 720×576 ಪಿಕ್ಸೆಲ್‌ಗಳ ಅಗಲಪರದೆ ಚಿತ್ರವನ್ನು ಹಾಗೆಯೇ ಉಳಿಸಿದರೆ ಮನುಷ್ಯರು ನೀಳವಾಗಿ ಕಾಣುತ್ತಾರೆ, ಅದನ್ನು 1024×576ಕ್ಕೆ ಹಿಗ್ಗಿಸಬೇಕು. ಸಾಧ್ಯವಿದ್ದಾಗಲೆಲ್ಲ ನಾನು ಬ್ಲೂ-ರೇ ಪ್ರತಿಯನ್ನೇ ಬಳಸುತ್ತೇನೆ.

ಬೆಳಕಿನ ವಿಷಯದಲ್ಲಿ ನಾನು ಹೆಚ್ಚು ಕಲಿತದ್ದು 2018ರ ‘ಕೆಜಿಎಫ್’ ಚಿತ್ರದಿಂದ. ಭುವನ್ ಗೌಡ ಅವರು ಛಾಯಾಗ್ರಹಣ ಮಾಡಿರುವ ಆ ಚಿತ್ರದಲ್ಲಿ ಮಸಿ, ಧೂಳು ಮತ್ತು ಕತ್ತಲೆಗಳೇ ಪ್ರಧಾನ. ಮೊದಲು ನಾನು ಇಡೀ ಚಿತ್ರದ ಬ್ರೈಟ್‌ನೆಸ್ ಏರಿಸುತ್ತಿದ್ದೆ. ಆಗ ಕಪ್ಪು ಬೂದಿಯ ಬಣ್ಣಕ್ಕೆ ತಿರುಗಿ, ನೆರಳಿನಲ್ಲಿ ಪಟ್ಟೆಗಳು ಎದ್ದು, ಛಾಯಾಗ್ರಾಹಕರು ಕಟ್ಟಿದ್ದ ಭಾವವೇ ಕೆಡುತ್ತಿತ್ತು. ಈಗ ಚಿತ್ರ ತಿದ್ದುವ ಗಿಂಪ್ ತಂತ್ರಾಂಶದ ಕರ್ವ್ಸ್ ಸಾಧನದಲ್ಲಿ, ಕಪ್ಪಿನಿಂದ ಬಿಳುಪಿನವರೆಗಿನ ಗೆರೆಯ ಎರಡೂ ತುದಿಗಳನ್ನು ಮುಟ್ಟದೆ ನಡುವಿನ ಭಾಗವನ್ನಷ್ಟೇ ತುಸು ಮೇಲೆತ್ತುತ್ತೇನೆ. ಕಪ್ಪು ಕಪ್ಪಾಗಿಯೇ ಉಳಿದು ಮುಖ ಮತ್ತು ಕೈಗಳು ತಿಳಿಯಾಗುತ್ತವೆ. ಇದಕ್ಕಿಂತ ಹೆಚ್ಚು ತಿದ್ದುವುದು ನನಗೆ ಒಪ್ಪಿಗೆಯಿಲ್ಲ, ಏಕೆಂದರೆ ಆ ಕತ್ತಲೆಯೂ ದೃಶ್ಯದ ಸಂಯೋಜನೆಯ ಭಾಗವೇ. ಎಚ್‌ಡಿಆರ್ (ಬೆಳಕು-ನೆರಳಿನ ವ್ಯಾಪ್ತಿ ಹೆಚ್ಚಿರುವ) ಪ್ರತಿಯಿಂದ ತೆಗೆದ ಚಿತ್ರ ಬಣ್ಣಗೆಟ್ಟು ಬಿಳಿಚಿಕೊಂಡಂತೆ ಕಂಡರೆ ದೋಷ ಕರ್ವ್ಸ್‌ನಿಂದ ಸರಿಹೋಗುವುದಿಲ್ಲ. ಆ ವ್ಯಾಪ್ತಿಯನ್ನು ಸಾಮಾನ್ಯ ಪರದೆಗೆ ಹೊಂದಿಸುವ, ಅಂದರೆ ಟೋನ್ ಮ್ಯಾಪಿಂಗ್ ಮಾಡುವ ಪ್ಲೇಯರಿನಲ್ಲಿ ಅದೇ ಫ್ರೇಮನ್ನು ಮತ್ತೆ ತೆಗೆಯಬೇಕು.

ಎಂಪಿವಿ ತಾನಾಗಿ ಚಿತ್ರವನ್ನು ಕುಗ್ಗಿಸುವಾಗ ಸೂಕ್ಷ್ಮ ವಿವರ ಕಳೆಯುವ ಜೆಪಿಜಿ ಬಗೆಯಲ್ಲಿ ಉಳಿಸುವುದರಿಂದ ಅದರ ಸೆಟ್ಟಿಂಗ್‌ನಲ್ಲಿ ವಿವರ ಕಳೆಯದ ಪಿಎನ್‌ಜಿ ಎಂದು ಬದಲಿಸಿಕೊಂಡಿದ್ದೇನೆ. ಉಪಶೀರ್ಷಿಕೆ ಬೇಡವಾದಾಗ ದೊಡ್ಡಕ್ಷರದ ಎಸ್ ಒತ್ತುತ್ತೇನೆ. ತಿದ್ದದ ಮೂಲ ಚಿತ್ರವನ್ನು ಬೇರೆಯಾಗಿ ಇಟ್ಟು, ಕಡತದ ಹೆಸರಿನಲ್ಲಿ ಸಿನಿಮಾದ ಹೆಸರಿನೊಂದಿಗೆ ಗಂಟೆ, ನಿಮಿಷ, ಸೆಕೆಂಡುಗಳನ್ನೂ ಬರೆಯುತ್ತೇನೆ; “ಸರ್, ಇದಕ್ಕೆ ಮುಂಚೆ ಅವನ ಕಾಲು ಎಲ್ಲಿತ್ತು?” ಎಂದು ವಿದ್ಯಾರ್ಥಿಯೊಬ್ಬ ಕೇಳಿದಾಗ ನೇರವಾಗಿ ಆ ಕ್ಷಣಕ್ಕೇ ಹೋಗಿ ತೋರಿಸಲು ಆಗುತ್ತದೆ.