ಓದಿದ್ದು ತಲೆಯಲ್ಲಿ ಉಳಿಯಬೇಕೇ? ಪುಸ್ತಕ ಮುಚ್ಚಿ

ಅಕ್ಕನ ಮಗಳಿಗೆ ಪರೀಕ್ಷೆ ಹತ್ತಿರ ಬಂದಿತ್ತು. ಹೃದಯದ ಪಾಠವನ್ನು ಆರು ಸಲ ಓದಿದ್ದಳು. ಪುಟದ ತುಂಬ ಹಳದಿ ಬಣ್ಣ. ಬಣ್ಣ ಬಳಿಯದ ಸಾಲನ್ನೇ ಹುಡುಕಬೇಕಿತ್ತು. "ಎಲ್ಲಾ ಗೊತ್ತು ಚಿಕ್ಕಮ್ಮಾ, ಆದ್ರೆ ಪ್ರಶ್ನೆಪತ್ರಿಕೆ ಕೈಗೆ ಬಂದ್ರೆ ಏನೂ ಹೊಳೆಯಲ್ಲ" ಅಂದಳು.

ಪುಸ್ತಕ ಮುಚ್ಚಿಸಿದೆ. ಒಂದು ಬಿಳಿ ಹಾಳೆ ಕೊಟ್ಟು, ಹೃದಯಕ್ಕೆ ಬಂದ ರಕ್ತ ಯಾವ ದಾರಿಯಲ್ಲಿ ಹೊರಗೆ ಹೋಗುತ್ತದೆ ಬರಿ ಅಂದೆ. ಬಲ ಹೃತ್ಕರ್ಣ (ಮೇಲಿನ ಕೋಣೆ) ಅಂತ ಬರೆದಳು. ಬಲ ಹೃತ್ಕುಕ್ಷಿ (ಕೆಳಗಿನ ಕೋಣೆ). ಅಲ್ಲಿಂದ ಶ್ವಾಸಕೋಶ. ಅಲ್ಲಿಗೆ ಪೆನ್ನು ನಿಂತಿತು. ವಾಪಸ್ ಬರುವ ರಕ್ತ ಯಾವ ಕೋಣೆಗೆ ಬರುತ್ತದೆ ಅನ್ನುವುದು ನೆನಪಾಗಲಿಲ್ಲ. ಐದು ನಿಮಿಷದ ಹಿಂದೆ ಓದಿದ ಪುಟ ಅದು. ಅವಳ ಕಣ್ಣು ತುಂಬಿ ಬಂತು.

ಅವಳ ನೆನಪಿನ ಶಕ್ತಿಗೆ ಏನೂ ಆಗಿರಲಿಲ್ಲ. ಕಂಡಾಗ ಗುರುತು ಹಿಡಿಯುವುದು ಬೇರೆ, ಕಾಣದೆ ನೆನಪು ಮಾಡಿಕೊಳ್ಳುವುದು ಬೇರೆ. ಆರನೇ ಸಲ ಓದುವಾಗ ಪ್ರತಿ ಸಾಲೂ ಪರಿಚಿತ ಅನ್ನಿಸುತ್ತದೆ. ಆ ಪರಿಚಯವನ್ನೇ ನಾವು 'ಗೊತ್ತು' ಅಂದುಕೊಂಡು ಬಿಡುತ್ತೇವೆ. ಪರೀಕ್ಷೆಯಲ್ಲಿ ಬೇಕಾಗಿರುವುದು ಕಾಣದೆ ನೆನಪು ಮಾಡಿಕೊಳ್ಳುವುದು. ಕೆಲಸದಲ್ಲೂ ಹೆಚ್ಚಾಗಿ ಅದೇ ಬೇಕು.

ಮನಶ್ಶಾಸ್ತ್ರ ನೆನಪಿನ ಬಗ್ಗೆ ನೂರು ವರ್ಷಕ್ಕೂ ಜಾಸ್ತಿ ಕಾಲದಿಂದ ಪ್ರಯೋಗ ಮಾಡುತ್ತಾ ಬಂದಿದೆ. ಅಲ್ಲಿ ಕಂಡುಕೊಂಡಿದ್ದನ್ನು ದಿನದ ಬದುಕಿನಲ್ಲಿ ಹೇಗೆ ಬಳಸಬಹುದು ಅಂತ ಒಂದೊಂದಾಗಿ ನೋಡೋಣ. ಒಂದು ಹಾಳೆ, ಪೆನ್ನು ಪಕ್ಕದಲ್ಲಿಟ್ಟುಕೊಳ್ಳಿ.

ಹೆಜ್ಜೆ 1: ಮೊದಲು ಒಂದು ನಾಣ್ಯ ಬಿಡಿಸಿ

ನೀವು ದಿನಾ ಮುಟ್ಟುವ ಯಾವುದಾದರೂ ನಾಣ್ಯದ ಎರಡೂ ಬದಿಯನ್ನು, ನೋಡದೆ, ಹಾಳೆಯ ಮೇಲೆ ಬಿಡಿಸಿ. ಆಮೇಲೆ ನಾಣ್ಯ ತೆಗೆದು ಹೋಲಿಸಿ ನೋಡಿ. 1979ರಲ್ಲಿ ರೇಮಂಡ್ ನಿಕರ್ಸನ್ ಮತ್ತು ಮ್ಯಾರಿಲಿನ್ ಆಡಮ್ಸ್ ಎಂಬ ಸಂಶೋಧಕರು ಅಮೆರಿಕದವರಿಗೆ ಅವರದೇ ಒಂದು ಸೆಂಟ್ ನಾಣ್ಯವನ್ನು ಹೀಗೆ ಬಿಡಿಸಲು ಹೇಳಿದ್ದರು. ಹುಟ್ಟಿದಾಗಿನಿಂದ ನೋಡಿದ ನಾಣ್ಯ. ಆದರೂ ಯಾವ ಬರಹ ಎಲ್ಲಿದೆ ಅನ್ನುವುದನ್ನು ಹೆಚ್ಚಿನವರು ತಪ್ಪಾಗಿ ಬರೆದರು, ಇಲ್ಲವೇ ಬಿಟ್ಟೇಬಿಟ್ಟರು.

ಕಣ್ಣಿಗೆ ಬಿದ್ದದ್ದೆಲ್ಲ ತಲೆಗೆ ಹತ್ತುವುದಿಲ್ಲ. ಗಮನ ಕೊಟ್ಟದ್ದು ಹತ್ತುತ್ತದೆ. ಬೀಗದ ಕೈ ಎಲ್ಲಿಟ್ಟೆ ಅಂತ ಮನೆಯೆಲ್ಲ ಹುಡುಕುತ್ತೇವಲ್ಲ, ಅದು ಎಷ್ಟೋ ಸಲ ಮರೆವೇ ಅಲ್ಲ. ಇಡುವಾಗ ಮನಸ್ಸು ಬೇರೆ ಕಡೆ ಇತ್ತು, ಆದ್ದರಿಂದ ನೆನಪು ಮೂಡಲೇ ಇಲ್ಲ. ಇಡುವಾಗ "ಮೇಜಿನ ಮೇಲೆ ಇಟ್ಟೆ" ಅಂತ ಬಾಯಿಬಿಟ್ಟು ಹೇಳಿಕೊಳ್ಳಿ. ಓದಲು ಕೂರುವಾಗ ಫೋನನ್ನು ಇನ್ನೊಂದು ಕೋಣೆಯಲ್ಲಿಡಿ. ಮೇಜಿನ ಮೇಲೆ ಮಗುಚಿ ಇಟ್ಟರೆ ಸಾಲದು.

ಹೆಜ್ಜೆ 2: ಬಿಡಿ ಬಿಡಿಯಾಗಿದ್ದನ್ನು ಗಂಟು ಕಟ್ಟಿ

ಈ ಅಂಕಿಗಳನ್ನು ಒಂದು ಸಲ ಓದಿ, ಕಣ್ಣು ಮುಚ್ಚಿ ಹೇಳಿ: 1 9 1 4 1 9 1 8 1 9 3 9 1 9 4 5.

ಕಷ್ಟ ಅಲ್ವಾ? ಈಗ ಹೀಗೆ ನೋಡಿ: 1914, 1918, 1939, 1945. ಎರಡು ಮಹಾಯುದ್ಧಗಳು ಶುರುವಾದ, ಮುಗಿದ ವರ್ಷಗಳು. ಹದಿನಾರು ಅಂಕಿ ನಾಲ್ಕು ಗಂಟಾಯಿತು.

ಆ ಕ್ಷಣಕ್ಕೆ ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವ ಜಾಗ ಬಹಳ ಚಿಕ್ಕದು. 1956ರಲ್ಲಿ ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ ಅಲ್ಲಿ ಸುಮಾರು ಏಳು ಗಂಟು ಹಿಡಿಸುತ್ತದೆ ಎಂದರು. 2001ರಲ್ಲಿ ನೆಲ್ಸನ್ ಕೋವನ್ ಅದು ನಾಲ್ಕರ ಆಸುಪಾಸು ಎಂದು ವಾದಿಸಿದರು. ಆದರೆ ಒಂದು ಗಂಟಿನೊಳಗೆ ಎಷ್ಟು ತುಂಬಬಹುದು ಅನ್ನುವುದು ನಿಮಗೆ ಮೊದಲೇ ಏನೇನು ಗೊತ್ತಿದೆ ಅನ್ನುವುದರ ಮೇಲೆ ನಿಂತಿದೆ. ಯುದ್ಧದ ವರ್ಷಗಳು ಗೊತ್ತಿಲ್ಲದ ಮಗುವಿಗೆ ಅವು ಹದಿನಾರು ಅಂಕಿಗಳೇ. ಹಾಗಾಗಿ ಮಗುವಿಗೆ ಹೊಸ ಪಾಠ ಹೇಳಿಕೊಡುವಾಗ ಒಮ್ಮೆಗೆ ಮೂರು ನಾಲ್ಕು ವಿಷಯಕ್ಕಿಂತ ಜಾಸ್ತಿ ಹೇಳಬೇಡಿ. ಏಳನೆಯದಕ್ಕೆ ಮಗು ತಡವರಿಸಿದರೆ ಅದು ದಡ್ಡತನ ಅಲ್ಲ. ದಯವಿಟ್ಟು ಗದರಬೇಡಿ.

ಹೆಜ್ಜೆ 3: 'ಯಾಕೆ' ಅಂತ ಕೇಳಿ

1975ರಲ್ಲಿ ಫರ್ಗಸ್ ಕ್ರೈಕ್ ಮತ್ತು ಎಂಡೆಲ್ ಟುಲ್ವಿಂಗ್ ಕೆಲವು ಪದಗಳನ್ನು ತೋರಿಸಿ ಬೇರೆ ಬೇರೆ ತರದ ಪ್ರಶ್ನೆ ಕೇಳಿದರು. ಕೆಲವು ಪ್ರಶ್ನೆಗಳು ಪದ ಇಂಗ್ಲಿಷಿನ ಕ್ಯಾಪಿಟಲ್ ಅಕ್ಷರದಲ್ಲಿದೆಯೋ ಸಣ್ಣ ಅಕ್ಷರದಲ್ಲಿದೆಯೋ ಎಂಬ ಬಗ್ಗೆ, ಕೆಲವು ಪ್ರಾಸದ ಬಗ್ಗೆ, ಕೆಲವು ಅರ್ಥದ ಬಗ್ಗೆ. ಅರ್ಥದ ಬಗ್ಗೆ ಯೋಚಿಸಬೇಕಾಗಿ ಬಂದ ಪದಗಳೇ ಹೆಚ್ಚು ನೆನಪಿನಲ್ಲಿ ಉಳಿದವು.

ಎಡ ಹೃತ್ಕುಕ್ಷಿಯ ಗೋಡೆ ದಪ್ಪ ಅಂತ ಉರು ಹೊಡೆದರೆ ಬಲವೋ ಎಡವೋ ಅಂತ ಗೊಂದಲವಾಗುತ್ತದೆ. ಯಾಕೆ ದಪ್ಪ ಅಂತ ಕೇಳಿಕೊಳ್ಳಿ. ಬಲಗಡೆಯದು ರಕ್ತವನ್ನು ಪಕ್ಕದ ಶ್ವಾಸಕೋಶಕ್ಕೆ ತಳ್ಳಿದರೆ ಸಾಕು. ಎಡಗಡೆಯದು ತಲೆಯಿಂದ ಕಾಲಿನ ಬೆರಳಿನವರೆಗೆ ತಳ್ಳಬೇಕು. ಹೀಗೆ ತಿಳಿದ ಮೇಲೆ ಅದಲುಬದಲಾಗುವುದು ಕಡಿಮೆ.

ಹೆಜ್ಜೆ 4: ಪುಸ್ತಕ ಮುಚ್ಚಿ

ಈ ಲೇಖನದಿಂದ ಒಂದನ್ನೇ ತೆಗೆದುಕೊಳ್ಳುವುದಾದರೆ ಇದನ್ನು ತೆಗೆದುಕೊಳ್ಳಿ.

2006ರಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ ವಿದ್ಯಾರ್ಥಿಗಳಿಗೆ ಚಿಕ್ಕ ಪಾಠಗಳನ್ನು ಓದಲು ಕೊಟ್ಟರು. ಕೆಲವು ಪಾಠಗಳನ್ನು ಎರಡು ಸಲ ಓದಬೇಕಿತ್ತು. ಇನ್ನು ಕೆಲವನ್ನು ಒಂದು ಸಲ ಓದಿ, ಎರಡನೇ ಸಲ ಪಾಠ ನೋಡದೆ ನೆನಪಿಗೆ ಬಂದದ್ದನ್ನು ಬರೆಯಬೇಕಿತ್ತು. ಐದು ನಿಮಿಷದ ನಂತರ ಪರೀಕ್ಷೆ ಮಾಡಿದಾಗ ಎರಡು ಸಲ ಓದಿದ್ದೇ ಮುಂದಿತ್ತು: ಶೇ 81ರಷ್ಟು ನೆನಪಿತ್ತು, ಓದಿ ಬರೆದದ್ದು ಶೇ 75. ಒಂದು ವಾರ ಬಿಟ್ಟು ನೋಡಿದರೆ ಲೆಕ್ಕ ತಿರುಗಿತ್ತು. ಎರಡು ಸಲ ಓದಿದ್ದು ಶೇ 42ಕ್ಕೆ ಇಳಿದಿತ್ತು. ಬರೆದು ನೋಡಿದ್ದು ಶೇ 56ರಲ್ಲಿ ನಿಂತಿತ್ತು.

ಆ ಐದು ನಿಮಿಷದ ಫಲಿತಾಂಶವೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಮತ್ತೆ ಮತ್ತೆ ಓದಿದ ರಾತ್ರಿ ಎಲ್ಲಾ ಬಂತು ಅನ್ನಿಸುತ್ತದೆ. ವಾರ ಕಳೆದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಗಿರುತ್ತದೆ. ನೆನಪನ್ನು ಹೊರಗೆ ಎಳೆಯಲು ಪಡುವ ಕಷ್ಟವೇ ಆ ನೆನಪನ್ನು ಗಟ್ಟಿ ಮಾಡುತ್ತದೆ.

ಮಾಡುವುದು ಹೀಗೆ. ಪಾಠದ ಒಂದು ಭಾಗ ಓದಿ, ಒಂದೆರಡು ಪುಟ ಸಾಕು. ಪುಸ್ತಕ ಮುಚ್ಚಿ. ಬಿಳಿ ಹಾಳೆಯಲ್ಲಿ ನೆನಪಿದ್ದಷ್ಟು ಬರೆಯಿರಿ. ವಾಕ್ಯ ನೆಟ್ಟಗಿರಬೇಕಿಲ್ಲ, ಚಿತ್ರವಾದರೂ ಸರಿ. ನಾಲಿಗೆ ತುದಿಯಲ್ಲಿದೆ, ಹೊರಗೆ ಬರ್ತಿಲ್ಲ ಅನ್ನುವ ಹೊತ್ತಿಗೆ ಕೈ ತಾನಾಗಿಯೇ ಪುಸ್ತಕದ ಕಡೆ ಹೋಗುತ್ತದೆ. ತಡೆಯಿರಿ. ಇನ್ನೊಂದು ನಿಮಿಷ ಕೂತು ಹುಡುಕಿ. ಆಮೇಲೆ ಪುಸ್ತಕ ತೆರೆದು, ಬಿಟ್ಟಿದ್ದನ್ನೂ ತಪ್ಪಿದ್ದನ್ನೂ ಬೇರೆ ಬಣ್ಣದ ಪೆನ್ನಿನಲ್ಲಿ ತುಂಬಿ. ಇದನ್ನು ಬಿಡುವ ಹಾಗಿಲ್ಲ. ತಿದ್ದದೆ ಬಿಟ್ಟರೆ ತಪ್ಪೇ ಗಟ್ಟಿಯಾಗಬಹುದು.

ಅಕ್ಕನ ಮಗಳ ಎರಡನೇ ಹಾಳೆಯಲ್ಲಿ ಕೆಂಪು ಶಾಯಿ ಅರ್ಧ ಪುಟ ಇತ್ತು. ಮೂರನೆಯದರಲ್ಲಿ ಎರಡೇ ಸಾಲು. ಅದರಲ್ಲಿ ಒಂದು, ಶ್ವಾಸಕೋಶದಿಂದ ರಕ್ತ ಎಡ ಹೃತ್ಕರ್ಣಕ್ಕೆ ಬರುತ್ತದೆ ಅನ್ನುವುದು. ಅದರ ಕೆಳಗೆ ಎರಡು ಗೆರೆ ಎಳೆದಿದ್ದಳು.

ಹೆಸರು ನೆನಪಿಟ್ಟುಕೊಳ್ಳಲೂ ಇದೇ ದಾರಿ. ಹೊಸಬರ ಪರಿಚಯವಾದಾಗ ಅವರ ಹೆಸರು ಹಿಡಿದು ಒಂದು ಮಾತಾಡಿ. ಐದು ನಿಮಿಷ ಬಿಟ್ಟು ಮನಸ್ಸಿನಲ್ಲೇ ಮತ್ತೆ ಹುಡುಕಿ. ಮನೆಗೆ ಹೋಗುವಾಗ ಇನ್ನೊಮ್ಮೆ.

ಹೆಜ್ಜೆ 5: ಮರೆಯಲು ಸ್ವಲ್ಪ ಬಿಡಿ, ಮತ್ತೆ ಬನ್ನಿ

ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ತನ್ನ ಮೇಲೆ ತಾನೇ ಪ್ರಯೋಗ ಮಾಡಿಕೊಂಡವರು. ಅರ್ಥವಿಲ್ಲದ ತುಂಡು ಶಬ್ದಗಳ ಸಾಲುಗಳನ್ನು ಬಾಯಿಪಾಠ ಮಾಡಿ, ಬಿಟ್ಟು, ಮತ್ತೆ ಕಲಿಯಲು ಎಷ್ಟು ಹೊತ್ತು ಬೇಕು ಅಂತ ಅಳೆದರು. ಮೊದಲ ಸಲಕ್ಕಿಂತ ಎಷ್ಟು ಸಮಯ ಉಳಿಯಿತೋ ಅಷ್ಟು ನೆನಪು ಉಳಿದಿದೆ ಅಂತ ಲೆಕ್ಕ. 1885ರಲ್ಲಿ ಅವರು ಪ್ರಕಟಿಸಿದ ಪ್ರಕಾರ, ಸುಮಾರು 20 ನಿಮಿಷದ ನಂತರ ಆ ಉಳಿತಾಯ ಶೇ 58. ಒಂದು ಗಂಟೆಗೆ ಶೇ 44. ಒಂದು ದಿನಕ್ಕೆ ಶೇ 34. ಆದರೆ 31 ದಿನ ಕಳೆದರೂ ಶೇ 21 ಉಳಿದಿತ್ತು.

ಅಂದರೆ ಮರೆವು ಮೊದಲು ಓಡುತ್ತದೆ, ಆಮೇಲೆ ನಿಧಾನವಾಗುತ್ತದೆ. ಅರ್ಥವಿರುವ ಪಾಠ ಇಷ್ಟು ಬೇಗ ಹೋಗುವುದಿಲ್ಲ, ಆದರೆ ಇಳಿಯುವ ರೀತಿ ಇದೇ. ಪೂರ್ತಿ ಮರೆತೆ ಅಂದುಕೊಂಡಿದ್ದನ್ನು ಮತ್ತೆ ಕಲಿಯುವುದು ಹೊಸದಾಗಿ ಕಲಿಯುವುದಕ್ಕಿಂತ ಸುಲಭ ಅನ್ನುವುದೂ ಇದರಿಂದ ತಿಳಿಯುತ್ತದೆ. ವರ್ಷಗಟ್ಟಲೆ ಬಿಟ್ಟ ಓದಿಗೆ ವಾಪಸ್ ಬರಲು ಹೆದರುವವರಿಗೆ ನಾನು ಇದನ್ನು ಹೇಳುತ್ತಲೇ ಇರುತ್ತೇನೆ.

ಎಬ್ಬಿಂಗ್‌ಹೌಸ್ ಇನ್ನೊಂದನ್ನೂ ಕಂಡರು. ಒಂದೇ ದಿನ 68 ಸಲ ಹೇಳಿಕೊಂಡದ್ದಕ್ಕೆ ಸಿಕ್ಕ ಲಾಭ, ಮೂರು ದಿನಕ್ಕೆ ಹಂಚಿ 38 ಸಲ ಹೇಳಿಕೊಂಡಾಗಲೂ ಸಿಕ್ಕಿತು. ಆದ್ದರಿಂದ ಮೂರು ಗಂಟೆ ಒಂದೇ ಪಟ್ಟಿಗೆ ಕೂರುವ ಬದಲು ಮೂರು ದಿನ ಒಂದೊಂದು ಗಂಟೆ ಕೂರಿ. ಬಿಳಿ ಹಾಳೆಯ ಪರೀಕ್ಷೆಯನ್ನು ಮರುದಿನ ಒಮ್ಮೆ, ಮೂರು ನಾಲ್ಕು ದಿನ ಬಿಟ್ಟು ಒಮ್ಮೆ, ವಾರ ಬಿಟ್ಟು, ತಿಂಗಳು ಬಿಟ್ಟು ಮಾಡಿ. ನೆನಪು ಹೆಚ್ಚು ಕಾಲ ಉಳಿಯಬೇಕಾದರೆ ನಡುವಿನ ಬಿಡುವೂ ಹೆಚ್ಚು ದೊಡ್ಡದಿರಲಿ.

ನಡುವಿನ ರಾತ್ರಿಗಳಲ್ಲಿ ನಿದ್ದೆ ಮಾಡಿ. ಹಗಲು ಕಲಿತದ್ದು ಗಟ್ಟಿಯಾಗುವ ಕೆಲಸ ನಿದ್ದೆಯಲ್ಲೂ ನಡೆಯುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆಗೆಟ್ಟು ಓದುವುದು ನಷ್ಟದ ವ್ಯವಹಾರ.

ಹೆಜ್ಜೆ 6: ಕೈಯ ಕೆಲಸವನ್ನು ಕೈಗೇ ಕಲಿಸಿ

1953ರಲ್ಲಿ ಹೆನ್ರಿ ಮೊಲೈಸನ್ ಎಂಬ ಅಮೆರಿಕದ ಯುವಕನಿಗೆ ಮೂರ್ಛೆರೋಗಕ್ಕಾಗಿ ಮಿದುಳಿನ ಶಸ್ತ್ರಚಿಕಿತ್ಸೆ ಆಯಿತು. ಹೊಸ ನೆನಪು ಮೂಡಲು ಬೇಕಾದ ಹಿಪ್ಪೊಕ್ಯಾಂಪಸ್ ಎಂಬ ಮಿದುಳಿನ ಭಾಗದಲ್ಲಿ, ಎರಡೂ ಬದಿಯದರ ದೊಡ್ಡ ಪಾಲು ಹೋಯಿತು. ಅಲ್ಲಿಂದ ಮುಂದೆ, 2008ರಲ್ಲಿ ತೀರಿಕೊಳ್ಳುವವರೆಗೂ, ಹೊಸ ಘಟನೆಗಳ ನೆನಪು ಅವರಲ್ಲಿ ನಿಲ್ಲಲಿಲ್ಲ. ಬ್ರೆಂಡಾ ಮಿಲ್ನರ್ ಎಂಬ ವಿಜ್ಞಾನಿ ಅವರಿಗೆ ಕನ್ನಡಿಯಲ್ಲಿ ಮಾತ್ರ ನೋಡುತ್ತಾ ನಕ್ಷತ್ರದ ಗೆರೆಗಳ ನಡುವೆ ಪೆನ್ಸಿಲ್ ಎಳೆಯಲು ಕೊಟ್ಟರು. ಮೂರು ದಿನದಲ್ಲಿ ಕೈ ಪಳಗಿತು. ಆದರೆ ಆ ಕೆಲಸವನ್ನು ಮೊದಲು ಮಾಡಿದ ನೆನಪೇ ಅವರಿಗೆ ಇರಲಿಲ್ಲ.

ತಿಳಿದದ್ದರ ನೆನಪಿಗೂ ಕೈ ಪಳಗುವುದಕ್ಕೂ ಮಿದುಳಿನಲ್ಲಿ ದಾರಿ ಬೇರೆ ಬೇರೆ ಅನ್ನುವುದಕ್ಕೆ ಅವರ ಬದುಕೇ ಸಾಕ್ಷಿಯಾಯಿತು. ಈಜು, ಟೈಪಿಂಗ್, ಹೊಲಿಗೆಯ ವಿಡಿಯೊ ಎಷ್ಟು ನೋಡಿದರೂ ಕೈ ಕಲಿಯುವುದಿಲ್ಲ. ಹತ್ತು ನಿಮಿಷ ನೋಡಿದರೆ ಅರ್ಧ ಗಂಟೆ ಮಾಡಿ.

ಹೆಜ್ಜೆ 7: ನೆನಪನ್ನು ಕೇಳುವಾಗ ಮಾತಿನ ಮೇಲೆ ನಿಗಾ ಇರಲಿ

ನೆನಪು ಫೋಟೊ ಅಲ್ಲ. ಪ್ರತಿ ಸಲ ತೆಗೆಯುವಾಗ ಸ್ವಲ್ಪ ಹೊಸದಾಗಿ ಕಟ್ಟುತ್ತೇವೆ. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಚಿತ್ರ ತೋರಿಸಿದರು. ಕಾರುಗಳು ಒಂದಕ್ಕೊಂದು 'ಅಪ್ಪಳಿಸಿದಾಗ' ವೇಗ ಎಷ್ಟಿತ್ತು ಅಂತ 50 ಜನರಿಗೆ ಕೇಳಿದರು. 'ಗುದ್ದಿದಾಗ' ಎಷ್ಟಿತ್ತು ಅಂತ ಇನ್ನು 50 ಜನರಿಗೆ. ಒಂದು ವಾರ ಬಿಟ್ಟು, ಒಡೆದ ಗಾಜು ನೋಡಿದಿರಾ ಅಂತ ಕೇಳಿದರು. ಚಿತ್ರದಲ್ಲಿ ಗಾಜು ಒಡೆದಿರಲೇ ಇಲ್ಲ. 'ಅಪ್ಪಳಿಸಿದಾಗ' ಅಂತ ಕೇಳಿಸಿಕೊಂಡವರಲ್ಲಿ 16 ಜನ ನೋಡಿದೆವು ಅಂದರು. 'ಗುದ್ದಿದಾಗ' ಅಂತ ಕೇಳಿಸಿಕೊಂಡವರಲ್ಲಿ 7 ಜನ. ಅವರು ಸುಳ್ಳು ಹೇಳುತ್ತಿರಲಿಲ್ಲ, ಪ್ರಶ್ನೆಯ ಮಾತು ಅವರ ನೆನಪಿನೊಳಗೆ ಸೇರಿಕೊಂಡಿತ್ತು.

ಮಗು ಅಳುತ್ತಾ ಶಾಲೆಯಿಂದ ಬಂದರೆ "ಅವನು ಜೋರಾಗಿ ತಳ್ಳಿದನಾ?" ಅಂತ ಶುರು ಮಾಡಬೇಡಿ. ಪಕ್ಕದಲ್ಲಿ ಕೂರಿಸಿಕೊಂಡು "ಏನಾಯ್ತು, ಮೊದಲಿಂದ ಹೇಳು" ಅನ್ನಿ. ನಡುವೆ ಸುಮ್ಮನಾದರೆ ನೀವೂ ಸುಮ್ಮನಿರಿ. "ಆಮೇಲೆ?" ಅಂತ ಕೇಳಿ, ಅಷ್ಟೇ. ಮಗು ಹೇಳಿದ್ದನ್ನು ಅದರದೇ ಮಾತಿನಲ್ಲಿ, ಅವತ್ತೇ, ತಾರೀಕು ಹಾಕಿ ಬರೆದಿಡಿ.