ಸರ್ವೆಯವರು ಬಂದದ್ದು ಬೆಳಗ್ಗೆ, ನಮ್ಮ ಗಾಡಿ ನಿಲ್ಲುವುದು ಸಂಜೆ

2017ರಿಂದ ನಾನು, ನಮ್ಮ ಯಜಮಾನರು ಸೇರಿ ಮಿರ್ಚಿ-ಮಂಡಕ್ಕಿ ಗಾಡಿ ನಡೆಸುತ್ತಿದ್ದೇವೆ. ಮಧ್ಯಾಹ್ನ ಮನೆಯಲ್ಲಿ ಮೆಣಸಿನಕಾಯಿ ಸೀಳಿ, ಈರುಳ್ಳಿ ಹೆಚ್ಚಿಟ್ಟುಕೊಂಡು, ಸಂಜೆ 5ಕ್ಕೆ ಬಸ್ ನಿಲ್ದಾಣದ ಹಿಂದಿನ ರಸ್ತೆಗೆ ಗಾಡಿ ತಳ್ಳುತ್ತೇವೆ. ರಾತ್ರಿ 9ರ ಹೊತ್ತಿಗೆ ಹಿಟ್ಟು ಖಾಲಿ. 2019ರಲ್ಲಿ ಬೀದಿಬದಿ ವ್ಯಾಪಾರಿಗಳ ಸರ್ವೆಗೆಂದು ನಮ್ಮೂರಿನ ನಗರಸಭೆಯವರು ಬಂದಾಗ ಬೆಳಗ್ಗೆ 11 ಗಂಟೆ. ಹೂವಿನವರು, ಹಣ್ಣಿನವರು, ಇಡ್ಲಿ ಗಾಡಿಯವರು, ಎಲ್ಲರ ಹೆಸರೂ ಬರೆದುಕೊಂಡು ಫೋಟೊ ತೆಗೆದುಕೊಂಡು ಹೋದರು. ನಮ್ಮ ಸಾಲಿನಲ್ಲಿ ಆಗ ಇದ್ದದ್ದು ಬರೀ ರಸ್ತೆ. ಸಂಜೆ ವ್ಯಾಪಾರದ ಒಂಬತ್ತು ಗಾಡಿಗಳಲ್ಲಿ ಒಂದೂ ಪಟ್ಟಿಗೆ ಸೇರಲಿಲ್ಲ.

ಅದರಿಂದ ಏನಾಗುತ್ತದೆ ಎಂಬುದು ನನಗೆ ಆಗ ಗೊತ್ತಿರಲಿಲ್ಲ. ದಿನಾ ಸುಂಕದವನು ಬರುತ್ತಾನೆ, ದುಡ್ಡು ಕೊಡುತ್ತೇವೆ, ಚೀಟಿ ಹರಿದುಕೊಡುತ್ತಾನೆ. ಅಂದಮೇಲೆ ಜಾಗ ನಮ್ಮದೇ ಎಂಬ ಧೈರ್ಯ. ಆದರೆ ಸುಂಕದ ಚೀಟಿ ಅವತ್ತಿನ ನೆಲದ ದುಡ್ಡಿಗೆ ರಸೀದಿ, ಅಷ್ಟೇ. ಇಲ್ಲಿ ನಿಂತು ಮಾರುವ ಹಕ್ಕು ಬರುವುದು ವ್ಯಾಪಾರದ ಪ್ರಮಾಣಪತ್ರದಿಂದ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಹೇಳುವುದು ಹೀಗೆ: ಮೊದಲು ಸರ್ವೆ, ಆಮೇಲೆ ಪಟ್ಟಣ ವ್ಯಾಪಾರ ಸಮಿತಿಯ ಮೂಲಕ ಪ್ರಮಾಣಪತ್ರ ಮತ್ತು ಗುರುತಿನ ಚೀಟಿ. ಸರ್ವೆ ಮುಗಿದು ಎಲ್ಲರಿಗೂ ಪ್ರಮಾಣಪತ್ರ ಸಿಗುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಸರ್ವೆಯಲ್ಲೇ ಇಲ್ಲದವರು ಈ ರಕ್ಷಣೆ ಕೇಳಲು ಹೋದರೆ ಮೊದಲ ಪ್ರಶ್ನೆಯೇ "ನಿಮ್ಮ ಹೆಸರು ಎಲ್ಲಿದೆ?"

ಆ ಪ್ರಶ್ನೆ ನಮಗೆ ಎದುರಾದದ್ದು 2020ರಲ್ಲಿ. ಲಾಕ್‌ಡೌನ್‌ನಲ್ಲಿ ಕೈ ಪೂರ್ತಿ ಬರಿದಾಗಿತ್ತು. ಜೂನ್‌ನಲ್ಲಿ ಬೀದಿಬದಿ ವ್ಯಾಪಾರಿಗಳಿಗೆಂದು ಕೇಂದ್ರ ಸರ್ಕಾರದ ಸಾಲ ಯೋಜನೆ ಪಿಎಂ ಸ್ವನಿಧಿ ಶುರುವಾಯಿತು. ಆಗ ಮೊದಲಿಗೆ ಜಾಮೀನಿಲ್ಲದೆ 10,000 ರೂಪಾಯಿ ಸಾಲ, ಒಂದು ವರ್ಷದಲ್ಲಿ ಕಂತಿನಲ್ಲಿ ತೀರಿಸಬೇಕಿತ್ತು, ಸರಿಯಾಗಿ ಕಟ್ಟಿದರೆ ಶೇ 7 ಬಡ್ಡಿ ಸಹಾಯಧನ. ನಾನು ನಗರಸಭೆಗೆ ಹೋಗಿ ನಿಂತೆ. ಗುಮಾಸ್ತರು ಪಟ್ಟಿ ತಿರುವಿ, "ಇಲ್ಲಮ್ಮಾ, ನಿಮ್ದು ಸರ್ವೆಯಲ್ಲಿ ಬಂದಿಲ್ಲ" ಅಂದು ಮುಂದಿನವರನ್ನು ಕರೆದರು. ಮೂರು ಸಲ ಇದೇ ಆಯಿತು. ನಾಲ್ಕನೇ ಸಲ ಅಲ್ಲಿನ ಸಮುದಾಯ ಸಂಘಟಕಿ ಒಬ್ಬರು ಪಕ್ಕಕ್ಕೆ ಕರೆದು ಹೇಳಿದರು: "ಅಕ್ಕಾ, ಸರ್ವೆಯಲ್ಲಿ ಬಿಟ್ಟುಹೋದವರಿಗೆ ಶಿಫಾರಸು ಪತ್ರ ಅಂತ ಇದೆ. 2020ರ ಮಾರ್ಚ್ 24ಕ್ಕೆ ಮೊದಲಿಂದ ವ್ಯಾಪಾರ ಮಾಡ್ತಿದ್ರಿ ಅನ್ನೋದಕ್ಕೆ ಏನಾದ್ರೂ ಇದ್ರೆ ಅರ್ಜಿ ಜೊತೆ ಇಟ್ಟು ಕೊಡಿ."

ನನ್ನ ಹತ್ತಿರ ಇತ್ತು. ನಮ್ಮ ಅತ್ತೆ ಸುಂಕದ ಚೀಟಿಗಳನ್ನು ದಬ್ಬಳಕ್ಕೆ ಚುಚ್ಚಿ ದೇವರ ಗೂಡಿನ ಕೆಳಗೆ ನೇತುಹಾಕುತ್ತಿದ್ದರು. ಒಂದು ಮೊಳ ಉದ್ದದ ಕಟ್ಟು. ಅದರಲ್ಲಿ ತಾರೀಖು ಕಾಣುವ ಚೀಟಿಗಳನ್ನು ಆರಿಸಿ, ಬಿಳಿ ಹಾಳೆಗೆ ಅಂಟಿಸಿ, ಜೆರಾಕ್ಸ್ ಮಾಡಿಸಿ ಅರ್ಜಿಗೆ ಲಗತ್ತಿಸಿದೆ. ಈ ಸಲ ಅರ್ಜಿಯನ್ನು ಮೇಜಿನ ಮೇಲೆ ಇಟ್ಟು ಬರಲಿಲ್ಲ. ಎರಡು ಪ್ರತಿ ಒಯ್ದು, ಟಪಾಲು ವಿಭಾಗದಲ್ಲಿ ನನ್ನ ಪ್ರತಿಯ ಮೇಲೆ ಮುದ್ರೆ, ತಾರೀಖು, ಸಹಿ ಹಾಕಿಸಿಕೊಂಡೆ. ಹಿಂದಿನ ಮೂರು ಸಲ ನಾನು ಬಂದು ಹೋದದ್ದಕ್ಕೆ ಗುರುತೇ ಇರಲಿಲ್ಲ. ಈ ಸಲ ನಗರಸಭೆಯವರು ಸ್ಥಳಕ್ಕೆ ಬಂದರು, ಅದೂ ಸಂಜೆ. ಅಕ್ಕಪಕ್ಕದ ಗಾಡಿಯವರನ್ನು ಕೇಳಿದರು. ಶಿಫಾರಸು ಪತ್ರ ಬಂತು, ಸಾಲ ಬಂತು, ಕೆಲವು ತಿಂಗಳು ಬಿಟ್ಟು ಪ್ರಮಾಣಪತ್ರವೂ ಬಂತು. ಅದರಲ್ಲಿ ನನ್ನ ಹೆಸರಿದೆ. ನಾನು ಅಥವಾ ಮನೆಯವರೇ ವ್ಯಾಪಾರ ಮಾಡಬೇಕು, ಬೇರೆಯವರಿಗೆ ಬಾಡಿಗೆಗೆ ಕೊಡುವಂತಿಲ್ಲ. ಈ ಷರತ್ತು ನನಗೆ ತುಂಬಾ ಸರಿ ಅನ್ನಿಸುತ್ತದೆ. ಬಾಡಿಗೆಗೆ ಬಿಡಲು ಅವಕಾಶವಿದ್ದರೆ ರಸ್ತೆಯೆಲ್ಲ ನಾಲ್ಕು ಜನ ದುಡ್ಡಿದ್ದವರ ಪಾಲಾಗುತ್ತಿತ್ತು.

ಪ್ರಮಾಣಪತ್ರ ಜಾಗಕ್ಕೆ. ತಿನಿಸಿಗೆ ಆಗ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಬೇರೆ ಬೇಕಿತ್ತು. ಒಬ್ಬರು 1,500 ಕೊಟ್ಟರೆ ಮಾಡಿಸಿಕೊಡುತ್ತೇನೆ ಅಂದಿದ್ದರು. 2021ರಲ್ಲಿ ನನ್ನ ಮಗಳು ಮೊಬೈಲಿನಲ್ಲೇ ಆ ಪ್ರಾಧಿಕಾರದ ಫಾಸ್ಕಾಸ್ ಎಂಬ ಜಾಲತಾಣ ತೆರೆದು ಅರ್ಧ ಗಂಟೆಯಲ್ಲಿ ಅರ್ಜಿ ಹಾಕಿದಳು: ಒಂದು ಫೋಟೊ, ಆಧಾರ್, ಏನು ಮಾರುತ್ತೇವೆ ಎಂಬ ವಿವರ. ವರ್ಷದ ವಹಿವಾಟು 12 ಲಕ್ಷದ ಒಳಗಿದ್ದರೆ ಲೈಸೆನ್ಸ್ ಬೇಡ, ನೋಂದಣಿ ಸಾಕು ಎಂಬುದು ಆಗಿನ ನಿಯಮ. ಶುಲ್ಕ ಆಗ ವರ್ಷಕ್ಕೆ 100 ರೂಪಾಯಿ. ಐದು ವರ್ಷದ್ದನ್ನು ಒಟ್ಟಿಗೆ ಕಟ್ಟಿದೆವು. 2ರಿಂದ ಶುರುವಾಗುವ 14 ಅಂಕಿಯ ಸಂಖ್ಯೆ ಬಂತು. ಅದನ್ನು ಗಾಡಿಯ ಮುಂದೆ ಬರೆಸಿದ್ದೇವೆ.

ಇನ್ನು ಗಾಡಿ ಎತ್ತಿಕೊಂಡು ಹೋದ ದಿನದ ಮಾತು. 2022ರ ಒಂದು ಶನಿವಾರ ರಸ್ತೆ ತೆರವು ಎಂದು ಲಾರಿ ಬಂತು. ಕಾಯ್ದೆ ಪ್ರಕಾರ ಎಬ್ಬಿಸಲು 30 ದಿನ ಮೊದಲು ನೋಟಿಸು ಕೊಡಬೇಕು, ನಮಗೆ ಕೊಟ್ಟಿರಲಿಲ್ಲ. ಹಿಟ್ಟಿನ ಪಾತ್ರೆ, ಬಾಣಲೆ, ಒಲೆ, ಮಂಡಕ್ಕಿ ಚೀಲ ಎಲ್ಲ ಲಾರಿಗೆ ಏರಿತು. ನನಗೆ ಅಳು ಬಂದಿತ್ತು, ಆದರೂ ಪ್ರಮಾಣಪತ್ರ ಹಿಡಿದುಕೊಂಡು ಒಂದೇ ಮಾತು ಕೇಳಿದೆ: "ಸರ್, ಏನೇನು ತಗೊಂಡ್ರಿ ಅಂತ ಪಟ್ಟಿ ಬರೆದು ಸಹಿ ಮಾಡಿ ಕೊಡಿ." 19ನೇ ಕಲಂ ಅದನ್ನೇ ಹೇಳುತ್ತದೆ. ಪಟ್ಟಿಯ ಪ್ರತಿ ವ್ಯಾಪಾರಿಗೆ ಕೊಡಬೇಕು. ನಾವು ಹೋಗಿ ಕೇಳಿದರೆ ಕೆಡುವ ಮಾಲನ್ನು ಅದೇ ದಿನ, ಕೆಡದ ಮಾಲನ್ನು ಎರಡು ಕೆಲಸದ ದಿನಗಳಲ್ಲಿ ಬಿಡಬೇಕು. ಬಹಳ ಹೊತ್ತು ವಾದವಾಯಿತು. ಕೊನೆಗೆ ಬರೆದುಕೊಟ್ಟರು. ಮಂಡಕ್ಕಿ, ತರಕಾರಿ ಅವತ್ತೇ ರಾತ್ರಿ ಸಿಕ್ಕಿತು. ಗಾಡಿ, ಬಾಣಲೆ ಮಂಗಳವಾರ. ಪಟ್ಟಿ ಕೇಳದ ಒಬ್ಬರ ತೂಕದ ಯಂತ್ರ ಇವತ್ತಿಗೂ ಸಿಕ್ಕಿಲ್ಲ.

ಸಿಲಿಂಡರ್ ಮಾತ್ರ ನಮಗೆ ವಾಪಸು ಬರಲಿಲ್ಲ, ಅದಕ್ಕೆ ನಾನು ಯಾರನ್ನೂ ದೂರುವುದಿಲ್ಲ. ಅದು ಮನೆಯ 14.2 ಕೆ.ಜಿ. ಸಿಲಿಂಡರ್. ವ್ಯಾಪಾರಕ್ಕೆ ಅದನ್ನು ಬಳಸುವಂತಿಲ್ಲ ಎಂದು ಗೊತ್ತಿದ್ದೂ ಬಳಸುತ್ತಿದ್ದೆವು. ಈಗ 19 ಕೆ.ಜಿ.ಯದ್ದೇ. ಖರ್ಚು ಹೆಚ್ಚು, ಆದರೆ ಯಾವ ಅಧಿಕಾರಿ ಬಂದರೂ ಎದೆ ನಡುಗುವುದಿಲ್ಲ.

ಆಹಾರ ಸುರಕ್ಷತಾ ಅಧಿಕಾರಿ ಬಂದದ್ದು ಒಂದೇ ಸಲ. ಎಣ್ಣೆಗೆ ಮೀಟರ್ ಅದ್ದಿ ನೋಡಿದರು; ಪದೇ ಪದೇ ಕಾಯಿಸಿದಾಗ ಎಣ್ಣೆಯಲ್ಲಿ ಹೆಚ್ಚುವ ಪೋಲಾರ್ ಅಂಶ ಶೇ 25 ದಾಟಿದರೆ ಆ ಎಣ್ಣೆಯನ್ನು ಬಳಸುವಂತಿಲ್ಲ. ನಮ್ಮದು ಅಂಚಿನಲ್ಲಿತ್ತು. ಅವತ್ತಿನಿಂದ ಉಳಿದ ಎಣ್ಣೆಗೆ ಹೊಸದನ್ನು ಬೆರೆಸುವ ರೂಢಿ ಬಿಟ್ಟೆವು. ಪೇಪರಿನ ಪೊಟ್ಟಣವೂ ಹೋಯಿತು, ಯಾಕೆಂದರೆ ಅಚ್ಚಿನ ಮಸಿ ಬಿಸಿ ಮಿರ್ಚಿಯ ಎಣ್ಣೆಗೆ ಇಳಿಯುತ್ತದೆ. ಈಗ ಅಡಿಕೆ ಹಾಳೆಯ ತಟ್ಟೆ. 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿಗೆ ಕೃತಕ ಬಣ್ಣ ನಿಷೇಧವಾದಾಗ ಪಕ್ಕದ ಗಾಡಿಯ ಹುಡುಗ ವಾರಗಟ್ಟಲೆ ಒದ್ದಾಡಿದ, ಗಿರಾಕಿಗಳು "ಕೆಂಪಗೇ ಇಲ್ವಲ್ಲೋ" ಅನ್ನುತ್ತಿದ್ದರು. ಬ್ಯಾಡಗಿ ಮೆಣಸಿನಕಾಯಿ ನೆನೆಸಿ ರುಬ್ಬಿ ಹಾಕು ಅಂದೆ. ಈಗ ಹಾಗೇ ಮಾಡುತ್ತಿದ್ದಾನೆ.

ಐದು ವರ್ಷಕ್ಕೊಮ್ಮೆಯಾದರೂ ಸರ್ವೆ ಆಗಬೇಕು ಎಂದು ಕಾಯ್ದೆಯಲ್ಲಿದೆ. ಹಾಗಾಗಿ ಮುಂದಿನದಕ್ಕೆ ಮೊದಲೇ ನಾವು ಒಂಬತ್ತೂ ಗಾಡಿಯವರು ಸಹಿ ಹಾಕಿ ಒಂದು ಮನವಿ ಕೊಟ್ಟೆವು: ನಮ್ಮ ರಸ್ತೆಗೆ ಸಂಜೆ 6ರ ಮೇಲೆ ಬನ್ನಿ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40 ಮಂದಿ ನಾವೇ ಆರಿಸಿ ಕಳಿಸುವ ವ್ಯಾಪಾರಿಗಳು ಇರಬೇಕು. ನಮ್ಮ ಕಡೆಯ ಸದಸ್ಯೆಗೂ ಮನವಿಯ ಪ್ರತಿ ಕೊಟ್ಟೆ. ಕಳೆದ ಸಲ ಸರ್ವೆಯವರು ಬಂದಾಗ ಸಂಜೆ 6:30. ಬಾಣಲೆಯಲ್ಲಿ ಮಿರ್ಚಿ ಇದ್ದಾಗಲೇ ಫೋಟೊ ತೆಗೆದರು. ಗೋಬಿ ಹುಡುಗ ಅವತ್ತು ಊರಿಗೆ ಹೋಗಿದ್ದ. ಮರುದಿನ ಅವನ ಅರ್ಜಿ ನಾನೇ ಬರೆದುಕೊಟ್ಟು, ಎರಡು ಪ್ರತಿ ಒಯ್ಯಲು ಹೇಳಿ ಕಳಿಸಿದೆ. ಮುದ್ರೆ ಹಾಕಿಸಿಕೊಂಡೇ ಬಂದ.