ಬಿದ್ದಾಗ ಜಾರದ ಪ್ಯಾಡ್: ದೊಡ್ಡವರು ಸ್ಕೇಟ್‌ಬೋರ್ಡ್ ಕವಚ ಹಾಕುವ ಬಗೆ

ಬೋರ್ಡ್ ಕಲಿಯಲು ಹೊರಟ ದೊಡ್ಡವರು ಕವಚ ಹಾಕಿಕೊಂಡೂ ಏಟು ತಿನ್ನುವುದನ್ನು ನೋಡಿದರೆ ಸಂಕಟವಾಗುತ್ತದೆ. ಹೆಲ್ಮೆಟ್ ಹಣೆ ಬಿಟ್ಟು ಹಿಂದಕ್ಕೆ ಸರಿದಿರುತ್ತದೆ. ಮೊಣಕಾಲ ಪ್ಯಾಡ್ ಮೊದಲ ಸಲ ಬಿದ್ದಾಗಲೇ ಮೀನಖಂಡಕ್ಕೆ ಇಳಿದಿರುತ್ತದೆ. ನಮ್ಮ ಕಡೆ ಇದಕ್ಕೆ ದೊಡ್ಡ ಕಾರಣ ಸೆಕೆ. ಕಲಬುರಗಿಯ ಬಿಸಿಲಿಗೆ ಬೆವರು ಇಳಿಯತೊಡಗಿದರೆ ಕೈ ತಾನಾಗಿಯೇ ಪಟ್ಟಿ ಸಡಿಲಿಸುತ್ತದೆ. ಏಪ್ರಿಲ್–ಮೇ ತಿಂಗಳಲ್ಲಿ ಬೆಳಿಗ್ಗೆ ಏಳರೊಳಗೆ ಆಟ ಮುಗಿಸಿ. ಪಟ್ಟಿ ಮಾತ್ರ ಸಡಿಲಿಸಬೇಡಿ.

ಕೊಳ್ಳುವಾಗ

ಬಲೆ ಚೀಲದಲ್ಲಿ ಹೆಲ್ಮೆಟ್, ಮೊಣಕಾಲು, ಮೊಣಕೈ, ಅಂಗೈ ಎಲ್ಲವನ್ನೂ ತುಂಬಿ ಕೊಡುವ ‘ಫ್ರೀ ಸೈಜ್’ ಕಿಟ್ ತರಬೇಡಿ. ಅದು ಬಹುಮಟ್ಟಿಗೆ ಮಕ್ಕಳ ಲೆಕ್ಕದ್ದು. ಎಪ್ಪತ್ತು ಕಿಲೋ ತೂಕದವರು ಬಿದ್ದರೆ ಅದರ ತೆಳು ಪ್ಲಾಸ್ಟಿಕ್ ಸೀಳುತ್ತದೆ. ಪ್ಯಾಡ್‌ನ ಒಳಗಿನ ಲೇಬಲ್‌ನಲ್ಲಿ ಇಎನ್ 14120 (ಇಂಥ ಪ್ಯಾಡ್‌ಗಳಿಗೆ ಯುರೋಪಿನ ಮಾನದಂಡ) ಎಂದಿದೆಯೇ, ಎಷ್ಟು ತೂಕದವರಿಗೆ ಎಂದು ಬರೆದಿದೆಯೇ ನೋಡಿ. ಹೆಲ್ಮೆಟ್ ಮೇಲೆ ಯುರೋಪಿನ ಇಎನ್ 1078 ಅಥವಾ ಅಮೆರಿಕದ ಎಎಸ್‌ಟಿಎಂ ಎಫ್ 1492 ಗುರುತಿರಲಿ. ಐಎಸ್‌ಐ ಗುರುತಿನ ಐಎಸ್ 4151 ಹೆಲ್ಮೆಟ್ ಬೈಕ್ ಸವಾರರದು. ಅದು ಭಾರ, ಕಿವಿಯನ್ನೂ ಪಕ್ಕದ ನೋಟವನ್ನೂ ಮುಚ್ಚುತ್ತದೆ, ಸೆಕೆಗೆ ತಡೆಯಲಾಗದೆ ಹತ್ತು ನಿಮಿಷದಲ್ಲಿ ಕಳಚಿಡುತ್ತೀರಿ. ಕ್ರಿಕೆಟ್ ಹೆಲ್ಮೆಟ್ ಅಂತೂ ಬೇಡವೇ ಬೇಡ. ಅದು ಎದುರಿನ ಚೆಂಡಿಗೆಂದು ಮಾಡಿದ್ದು. ಬೋರ್ಡ್ ಮುಂದಕ್ಕೆ ಚಿಮ್ಮಿದಾಗ ನೆಲಕ್ಕೆ ಬಡಿಯುವುದು ತಲೆಯ ಹಿಂಭಾಗ.

ವಾಲಿಬಾಲ್ ಆಡುವವರ ಮೆತ್ತನೆಯ ಮೊಣಕಾಲ ಪ್ಯಾಡ್ ಅಗ್ಗ ಎಂದು ಕೆಲವರು ತರುತ್ತಾರೆ. ಬಟ್ಟೆ ಡಾಂಬರನ್ನು ಕಚ್ಚಿ ಹಿಡಿಯುತ್ತದೆ; ಕಾಲು ಅಲ್ಲೇ ನಿಂತು ಮೈ ಮುಂದಕ್ಕೆ ಹೋಗುತ್ತದೆ. ಗಟ್ಟಿ ಪ್ಲಾಸ್ಟಿಕ್ ಚಿಪ್ಪಿದ್ದರೆ ನೆಲದ ಮೇಲೆ ಜಾರುತ್ತದೆ, ಏಟು ಹಂಚಿಹೋಗುತ್ತದೆ.

ಹಾಕುವ ಕ್ರಮ

ಒಳಗೆ ಪ್ಯಾಡ್ ಇರುವ ಚಡ್ಡಿ, ಮೊಣಕಾಲು, ಶೂ, ಮೊಣಕೈ, ಹೆಲ್ಮೆಟ್, ಕೊನೆಗೆ ಮಣಿಕಟ್ಟು. ಮಣಿಕಟ್ಟಿನ ಗಾರ್ಡ್ ಮೊದಲೇ ಹಾಕಿದರೆ ಬೆರಳು ಮಡಿಯುವುದಿಲ್ಲ, ಗಲ್ಲದ ಬಕಲ್ ಕೂರುವುದಿಲ್ಲ. ಆಗ ಹೆಲ್ಮೆಟ್ ಪಟ್ಟಿಯನ್ನು ಹಾಗೇ ತೂಗಾಡಿಸಿಕೊಂಡು ಹೊರಟುಬಿಡುತ್ತಾರೆ. ಶೂ ಚಪ್ಪಟೆ ತಳದ್ದಿರಲಿ, ಲೇಸಿನ ತುದಿ ಒಳಗೆ ಸಿಕ್ಕಿಸಿ.

ಮೊಣಕಾಲು

ಹೆಚ್ಚಿನವರು ತಪ್ಪುವುದು ಇಲ್ಲೇ. ನಿಂತುಕೊಂಡು, ಕಾಲು ನೇರ ಮಾಡಿ ಪಟ್ಟಿ ಬಿಗಿಯುತ್ತಾರೆ. ಬೋರ್ಡ್ ಮೇಲೆ ಮೊಣಕಾಲು ಸದಾ ಬಾಗಿರುತ್ತದೆ. ಬಾಗಿದೊಡನೆ ತೊಡೆಯ ಸುತ್ತಳತೆ ಬದಲಾಗಿ ಮೇಲಿನ ಪಟ್ಟಿ ಕೊರೆಯುತ್ತದೆ, ಚಿಪ್ಪು ಕೆಳಕ್ಕೆ ಸರಿಯುತ್ತದೆ. ಕುರ್ಚಿಯ ಅಂಚಿಗೆ ಕೂತು ಮೊಣಕಾಲನ್ನು ಅರ್ಧ ಬಾಗಿಸಿ. ಮಂಡಿಚಿಪ್ಪನ್ನು ಬೆರಳಿಂದ ಮುಟ್ಟಿ ಗುರುತಿಸಿಕೊಂಡು, ಪ್ಯಾಡ್‌ನ ಕುಳಿ ಅದರ ಮೇಲೆಯೇ ಕೂರುವಂತೆ ಇಡಿ. ಮೊದಲು ಮೀನಖಂಡದ ಪಟ್ಟಿ ಬಿಗಿಯಿರಿ. ಮೀನಖಂಡದ ಉಬ್ಬಿನ ಮೇಲ್ಗಡೆ ಅದು ಕೂತರೆ ಇಡೀ ಪ್ಯಾಡ್ ಕೆಳಗಿಳಿಯದಂತೆ ತಡೆಯುತ್ತದೆ. ಆಮೇಲೆ ತೊಡೆಯ ಪಟ್ಟಿ, ಅದು ಕೆಳಗಿನದಕ್ಕಿಂತ ಸ್ವಲ್ಪ ಸಡಿಲ. ಎರಡನ್ನೂ ಒಂದೇ ಬಿಗಿಗೆ ಎಳೆದರೆ ಅರ್ಧ ಗಂಟೆಯಲ್ಲಿ ಕಾಲು ಜೋಮು ಹಿಡಿಯುತ್ತದೆ, ಮತ್ತೆ ಸಡಿಲಿಸುವ ಆಸೆ ಹುಟ್ಟುತ್ತದೆ.

ಈಗ ಪರೀಕ್ಷೆ. ಮನೆಯಲ್ಲಿ ಶಹಾಬಾದಿ ಪರಸಿಯ (ಕಲ್ಲು ಚಪ್ಪಡಿಯ) ನೆಲವಿದ್ದರೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಎರಡೂ ಮೊಣಕಾಲೂರಿ, ಕೈಯಿಂದ ಗೋಡೆ ತಳ್ಳಿ ಹಿಂದಕ್ಕೆ ಜಾರಿ, ಆಮೇಲೆ ಮುಂದಕ್ಕೆ. ಚಿಪ್ಪು ಮಂಡಿಯ ಮೇಲೆಯೇ ಉಳಿಯಬೇಕು. ಬೆರಳಗಲಕ್ಕಿಂತ ಹೆಚ್ಚು ಸರಿದರೆ ಪಟ್ಟಿಯದೋ ಸೈಜಿನದೋ ತಪ್ಪು. ಸೈಜಿಗೆ ಅಂದಾಜು ಸಾಲದು. ಮಂಡಿಯಿಂದ ಹತ್ತು ಸೆಂಟಿಮೀಟರ್ ಮೇಲೆ ತೊಡೆಯ ಸುತ್ತಳತೆ ತೆಗೆದು, ಕಂಪನಿಯ ಸೈಜ್ ಚಾರ್ಟ್‌ನೊಂದಿಗೆ ಹೋಲಿಸಿ. ಎರಡು ಸೈಜಿನ ನಡುವೆ ಬಂದರೆ ಚಿಕ್ಕದನ್ನೇ ತನ್ನಿ. ಬೆವರಿಗೆ ಸ್ಪಂಜು ಮೆತ್ತಗಾಗಿ ಸಡಿಲವಾಗುತ್ತದೆ. ಪ್ಯಾಂಟಿನ ಮೇಲೆ ಪ್ಯಾಡ್ ಕಟ್ಟಬೇಡಿ. ಬಟ್ಟೆ ಜಾರಿದರೆ ಪ್ಯಾಡೂ ಜೊತೆಗೇ ಜಾರುತ್ತದೆ.

ಮೊಣಕೈಗೂ ಇದೇ ನಿಯಮ. ಕಿರಿದಾದ ತುದಿ ಮಣಿಕಟ್ಟಿನ ಕಡೆಗಿರಲಿ.

ಮಣಿಕಟ್ಟು

ಬೀಳುವಾಗ ಕೈ ಚಾಚುವುದನ್ನು ಯಾರೂ ತಡೆಯಲಾರರು. ಮೈಯ ಭಾರವೆಲ್ಲ ಅಂಗೈಯ ಬುಡಕ್ಕೆ ಬಂದು ಮುಂದೋಳಿನ ರೇಡಿಯಸ್ ಎಲುಬಿನ ತುದಿ ಮುರಿಯುತ್ತದೆ, ಇಲ್ಲವೇ ಹೆಬ್ಬೆರಳ ಬುಡದ ಸ್ಕಾಫಾಯ್ಡ್ ಎಂಬ ಸಣ್ಣ ಎಲುಬು. ಸ್ಕಾಫಾಯ್ಡ್‌ಗೆ ರಕ್ತ ಹರಿಯುವುದು ಕಡಿಮೆ, ಕೂಡಿಕೊಳ್ಳಲು ತಿಂಗಳುಗಳೇ ಬೇಕಾಗಬಹುದು. ಹೆಲ್ಮೆಟ್ ಬಿಟ್ಟರೆ ಮೊದಲು ದುಡ್ಡು ಸುರಿಯಬೇಕಾದ್ದು ಮಣಿಕಟ್ಟಿನ ಗಾರ್ಡ್‌ಗೇ.

ಬಾಗಿದ ಪ್ಲಾಸ್ಟಿಕ್ ಪಟ್ಟಿ ಅಂಗೈ ಕಡೆಗೆ, ಚಪ್ಪಟೆಯಾದದ್ದು ಕೈಯ ಹಿಂಬದಿಗೆ. ಬಾಗಿದ್ದರ ಉಬ್ಬು ಅಂಗೈಯ ಬುಡದಲ್ಲಿ ಕೂತು ಚರ್ಮದಿಂದ ಕೊಂಚ ಎದ್ದು ನಿಂತಿರಬೇಕು. ನೆಲ ಮುಟ್ಟಿದಾಗ ಜಾರುವುದು ಅದೇ. ಗಾರ್ಡ್ ಮಣಿಕಟ್ಟಿನ ಗೆರೆಯಿಂದ ಮುಂದೋಳಿನ ಮೇಲೆ ನಾಲ್ಕು ಬೆರಳಷ್ಟಾದರೂ ಹೋಗಬೇಕು. ಮೋಟು ಗಾರ್ಡ್ ಬೇಡ. ಮೊದಲು ಮಣಿಕಟ್ಟಿನ ಪಟ್ಟಿ, ಆಮೇಲೆ ಮುಂದೋಳಿನದು. ಗಡಿಯಾರ, ಕಡಗ, ಉಂಗುರ ತೆಗೆದಿಡಿ. ಬಿಗಿದ ಮೇಲೆ ಮುಷ್ಟಿ ಕಟ್ಟಿ ಬಿಚ್ಚಿ. ಬೆರಳ ತುದಿ ಜುಮ್ಮೆಂದರೆ ಒಂದು ಎಳೆಯಷ್ಟು ಸಡಿಲಿಸಿ.

ಬೀಳುವಾಗ ಬೆರಳು ಮೇಲಕ್ಕೆತ್ತಿ ಹಿಡಿಯುವುದನ್ನು ಮನೆಯ ನೆಲದ ಮೇಲೆಯೇ ರೂಢಿ ಮಾಡಿಕೊಳ್ಳಿ. ಮೊಣಕಾಲು, ಮೊಣಕೈ, ಕೊನೆಗೆ ಅಂಗೈ ಎಂಬ ಕ್ರಮದಲ್ಲಿ ಮೆಲ್ಲಗೆ ಮುಂದಕ್ಕೆ ಬೀಳುತ್ತ ಬನ್ನಿ, ಮೈಗೆ ಹಿಡಿಯುತ್ತದೆ. ಲಾಂಗ್‌ಬೋರ್ಡ್‌ನವರು (ಉದ್ದನೆಯ ಬೋರ್ಡ್ ಬಳಸುವವರು) ಇಳಿಜಾರಿನಲ್ಲಿ ಹಾಕುವ ಸ್ಲೈಡ್ ಗ್ಲೌಸ್ ಬೇರೆ ವಸ್ತು. ಅದರ ಅಂಗೈಯಲ್ಲಿ ಪ್ಲಾಸ್ಟಿಕ್ ಬಿಲ್ಲೆಯಿರುತ್ತದೆ. ಕೈಯೂರಿ ಬೋರ್ಡ್ ತಿರುಗಿಸಲು ಅದು ಬೇಕು, ಮಣಿಕಟ್ಟನ್ನು ಮಾತ್ರ ಕಾಯುವುದಿಲ್ಲ. ಕಲಿಯುವ ದಿನಗಳಲ್ಲಿ ಗಾರ್ಡೇ ಸರಿ.

ಹೆಲ್ಮೆಟ್

ಹುಬ್ಬಿನಿಂದ ಎರಡು ಬೆರಳು ಮೇಲೆ, ಅಡ್ಡಕ್ಕೆ ಸಮನಾಗಿ. ಪಟ್ಟಿಗಳು ಕಿವಿಯ ಹಾಲೆಯ ಕೆಳಗೆ ಕೂಡಬೇಕು. ಗಲ್ಲದ ಕೆಳಗೆ ಒಂದೆರಡು ಬೆರಳು ಮಾತ್ರ ತೂರಬೇಕು. ಬಕಲ್ ಹಾಕುವ ಮೊದಲೇ ತಲೆ ಅಲ್ಲಾಡಿಸಿ. ಹೆಲ್ಮೆಟ್ ತಲೆಯ ಜೊತೆಗೇ ತಿರುಗಿದರೆ ಸರಿ, ತಡವಾಗಿ ತಿರುಗಿದರೆ ದೊಡ್ಡದು. ಟೋಪಿಯ ಮೇಲೆ ಹಾಕಬೇಡಿ. ಬೆವರಿಗೆ ತೆಳು ಹತ್ತಿ ಬಟ್ಟೆ ಸಾಕು.

ಎಲ್ಲಿ, ಯಾವ ಚಕ್ರ

ಪರಸಿ ಹಾಸಿದ ಫುಟ್‌ಪಾತ್ ಹೊಸಬರಿಗಲ್ಲ. 52–54 ಮಿಲಿಮೀಟರ್‌ನ ಗಟ್ಟಿ ಸ್ಕೇಟ್‌ಬೋರ್ಡ್ ಚಕ್ರ ಕಲ್ಲುಗಳ ಸಂದಿಗೆ ಸಿಕ್ಕಿ ಬೋರ್ಡ್ ಗಕ್ಕನೆ ನಿಲ್ಲುತ್ತದೆ, ಸವಾರ ಮುಂದಕ್ಕೆ ಹಾರುತ್ತಾನೆ. 70 ಮಿಲಿಮೀಟರ್ ಆಸುಪಾಸಿನ ಮೆತ್ತನೆಯ 78ಎ (ಗಟ್ಟಿತನದ ಅಳತೆ; ಅಂಕಿ ಕಡಿಮೆಯಾದಷ್ಟೂ ಮೆತ್ತಗೆ) ಲಾಂಗ್‌ಬೋರ್ಡ್ ಚಕ್ರ ದಾಟೀತು, ಆದರೂ ಒಳ್ಳೆಯ ಡಾಂಬರೇ ವಾಸಿ. ತೊಗರಿ ಸುಗ್ಗಿಯಲ್ಲಿ ಹಳ್ಳಿಯ ಕಡೆ ರಸ್ತೆಯ ಮೇಲೆ ರಾಶಿ ಹರವಿದ್ದರೆ ಅತ್ತ ಹೋಗಬೇಡಿ. ಒಂದು ಕಾಳು ಚಕ್ರಕ್ಕೆ ಸಿಕ್ಕರೂ ಸಾಕು. ರಿಂಗ್ ರಸ್ತೆಯ ಲಾರಿಗಳೆದುರು ಯಾವ ಕವಚವೂ ನಿಲ್ಲದು.

ಆಟ ಮುಗಿದ ಮೇಲೆ

ಎರೆಮಣ್ಣಿನ ಧೂಳು, ನೂಲು ವೆಲ್ಕ್ರೋಗೆ ಹತ್ತಿ ಅದರ ಹಿಡಿತ ಹೋಗುತ್ತದೆ. ಹಳೆ ಬಾಚಣಿಗೆಯಿಂದ ಕೆರೆದು ತೆಗೆಯಿರಿ. ಪ್ಯಾಡ್‌ಗಳನ್ನು ತಣ್ಣೀರಲ್ಲಿ ಕೈಯಿಂದಲೇ ತೊಳೆದು ನೆರಳಲ್ಲಿ ಆರಹಾಕಿ, ಮಾಳಿಗೆಯ ಬಿಸಿಲಿಗೆ ಅಂಟು ಬಿಡುತ್ತದೆ. ಹೆಲ್ಮೆಟ್ಟನ್ನು ಕಾರಿನ ಡಿಕ್ಕಿಯಲ್ಲಿಡಬೇಡಿ, ಪೇಂಟ್ ಬಳಿಯಬೇಡಿ. ಥರ್ಮೊಕೋಲ್‌ನಂಥ ಗಟ್ಟಿ ಬಿಳಿ ಫೋಮಿನ ಹೆಲ್ಮೆಟ್ ಒಂದೇ ದೊಡ್ಡ ಏಟಿಗೆಂದು ಮಾಡಿದ್ದು. ತಲೆ ಬಡಿದಿದ್ದರೆ ಹೊರಗೆ ಗೀರೂ ಕಾಣದಿದ್ದರೂ ಬಿಸಾಡಿ. ಬೇರೆಯವರಿಗೆ ಕೊಡುವುದೂ ಬೇಡ. ಪಟ್ಟಿ ಕತ್ತರಿಸಿಯೇ ಕಸಕ್ಕೆ ಹಾಕಿ.